ಐದು ಟ್ಯಾಂಕರ್ ಹೇಸಿಗೆ

ಡಿಸೆಂಬರ್ 3, ಮಂಗಳವಾರ. ಮಧ್ಯಾಹ್ನ 1.15

ಊರಿನ ಗಟಾರದ ನೀರು ಪ್ಲಾಂಟಿಗೆ ಬರುವಲ್ಲಿನ ಜಾಲರಿ ಬಳಿದದ್ದಾಯಿತು. ಇವತ್ತಿನ ಬೆಳೆ — ಡೈಪರ್ ಹನ್ನೊಂದು, ಗುಟ್ಕಾ ಚೀಟಿ ಒಂದು ಬುಟ್ಟಿ, ಒಂಟಿ ಹವಾಯಿ ಚಪ್ಪಲಿ, ಗಾಜು ಒಡೆದ ದೇವರ ಫೋಟೊ. ಯಾವ ಪುಣ್ಯಾತ್ಮ ಗಟಾರದ ಚೇಂಬರಿನ ಮುಚ್ಚಳ ಎತ್ತಿ ಹಾಕಿದನೋ. ಕೆರಿಯಣ್ಣ ಫೋಟೊ ತೊಳೆದು ಬೇಲಿಗೆ ಒರಗಿಸಿ ಕೈಮುಗಿದ. ಆಮೇಲೆ ಅದೇ ಕೈಯಲ್ಲಿ ಬೀಡಿ ಹಚ್ಚಿದ. ಹನ್ನೆರಡು ವರ್ಷದಿಂದ ಇದೇ ಕೆಲಸ ಅವನಿಗೆ, ವಾಸನೆಯೇ ಬರುವುದಿಲ್ಲವಂತೆ. ನನಗೆ ಇಲ್ಲಿನ ಲ್ಯಾಬಿನಲ್ಲಿ ಮೂರು ವರ್ಷ. ಇನ್ನೂ ಬರುತ್ತದೆ.

ಅಳತೆಯ ಸಿಲಿಂಡರಿನಲ್ಲಿ ನೀರು ಸರಿ ಇಲ್ಲ. ಗಾಳಿ ಊದುವ ಏರೇಷನ್ ಟ್ಯಾಂಕಿನ ಒಂದು ಲೀಟರ್ ನೀರು ಅರ್ಧ ಗಂಟೆ ಅಲ್ಲಾಡಿಸದೆ ಇಟ್ಟರೆ ದಿನಾ ಕಂದು ಗಸಿ ಕೆಳಗೆ, ತಿಳಿನೀರು ಮೇಲೆ. ಇವತ್ತು ಕೂರಲೇ ಇಲ್ಲ. ಬಣ್ಣವೂ ಕೆಂಪು, ಕವಳ ಉಗುಳಿದ ಹಾಗೆ. ಥೂ. ಊಟದ ಡಬ್ಬಿ ಬಿಚ್ಚಿದೆ, ಬೀಟ್ರೂಟ್ ಪಲ್ಯ. ಮುಚ್ಚಿಟ್ಟೆ.

ಡಿಸೆಂಬರ್ 4, ಬುಧವಾರ

ಮೈಕ್ರೋಸ್ಕೋಪ್ ಹಿಡಿದು ಕೂತೆ. ಹುಳಗಳು ಸಾಯುತ್ತಿವೆ. ಉದ್ದ ಕಾಂಡದ ತುದಿಯಲ್ಲಿ ಗಂಟೆಯಂತಿರುವವು, ಬಾಯಿ ತಿರುಗಿಸುತ್ತ ಗಬಗಬ ತಿನ್ನುವವು — ಹೋದ ವಾರ ಸಂತೆಯಂತಿದ್ದವು, ಇವತ್ತು ಎಣಿಸಿ ನಾಲ್ಕು. ಅವೂ ಮುದುಡಿವೆ. ಇಡೀ ಊರಿನ ಹೇಲು ತಿಂದು ನೀರು ತಿಳಿ ಮಾಡುವುದು ಅವು. ನಾವು ಗಾಳಿ ಊದುವವರು ಅಷ್ಟೆ.

ಇನ್‌ಚಾರ್ಜ್ ಚಂದ್ರಶೇಖರಪ್ಪನವರಿಗೆ ತೋರಿಸಿದೆ. ಹಾವೇರಿ ಕಡೆಯವರು, ಯಾವುದಕ್ಕೂ ಗಾಬರಿಯಿಲ್ಲ. “ಒಂದೆರಡು ಕಿಲೋ ಬೆಲ್ಲಾ ಹಾಕ್ರಿ ಮೇಡಮ್ಮಾರ, ತಿಂದು ಎದ್ದು ಕುಂದರ್ತಾವ” ಅಂದರು.

ಹಾಕಿದೆ. ಎದ್ದು ಕೂರಲಿಲ್ಲ.

ಡಿಸೆಂಬರ್ 6, ಶುಕ್ರವಾರ. ಸಂಜೆ

ಸಿಕ್ಕಿತು. ಕೆರಿಯಣ್ಣ ಮುಂದೆ, ನಾನು ಹಿಂದೆ, ಒಂದೊಂದೇ ಚೇಂಬರಿನ ಮುಚ್ಚಳ ಎತ್ತಿ ಕೆಂಪು ನೀರಿನ ಹಿಂದೆ ಹೋದೆವು. ಪ್ರತಿ ಮುಚ್ಚಳಕ್ಕೂ ಜಿರಲೆಗಳ ಮೆರವಣಿಗೆ. ಊರ ಕೊನೆಯಲ್ಲಿ ಗಣಪ ಹೆಗಡೆಯವರ ಅಡಿಕೆ ಬೇಯಿಸುವ ಶೆಡ್. ಮತ್ತಿಘಟ್ಟ ಕಡೆಯ ಹಸಿ ಅಡಿಕೆಯೆಲ್ಲ ಸುಲಿಯಲು ಇಲ್ಲಿಗೇ ಬರುತ್ತದೆ. ಅಡಿಕೆ ಬೇಯಿಸಿದ ಕೆಂಪು ಚೊಗರು ಹಂಡೆಯಿಂದ ಸೀದಾ ಚೇಂಬರಿಗೆ.

“ಬಾರೆ ತಂಗಿ, ಆಸರಿಗೆ ಎಂತ ಕುಡೀತೆ?” ಅಂದರು ಹೆಗಡೆಯವರು. ಪೇಪರ್ ಕಪ್ಪಿನಲ್ಲಿ ಕಷಾಯ ಬಂತು, ಗೇಟಿನ ಹೊರಗೇ. ತಪ್ಪಲ್ಲ, ನಮ್ಮ ಬೂಟು ನಾರುತ್ತಿತ್ತು.

ಯಾಕೆ ಬಿಟ್ಟಿರಿ ಅಂತ ಕೇಳಿದೆ.

“ಗಟಾರದ ವಾಸನೆ ತಡ್ಕಂಬಲೆ ಆಗ್ತಿತ್ತಿಲ್ಲೆ. ಚೊಗರು ಹಾಕಿರೆ ಹುಳ ಎಲ್ಲ ಸಾಯ್ತು ಹೇಳಿ ಆನೇ ಹಾಕ್ಸಿದ್ದು. ದಿನಾ ಎರಡು ಹಂಡೆ. ನಿಂಗಕ್ಕೂ ಅನುಕೂಲ ಆಗ್ಲಿ ಹೇಳಿ!”

ಉಪಕಾರ ಮಾಡಿದ್ದಾರೆ! “ಹೆಗಡೇರೆ, ಆ ಹುಳ ಇದ್ದರೇ ನಮ್ಮ ಪ್ಲಾಂಟು. ಅವು ಸತ್ತರೆ ಹೇಲುನೀರು ಹೇಲುನೀರಾಗಿಯೇ ಹಳ್ಳಕ್ಕೆ ಹೋಗ್ತದೆ” ಅಂದೆ.

ಮನುಷ್ಯ ನಿಜವಾಗಿ ಬೆಪ್ಪಾದರು. “ಹುಳ ಸಾಕ್ತ್ರ ನಿಂಗ?” ಎಂದು ಕೇಳಿದರು. ಅಲ್ಲೇ ಆಳುಗಳನ್ನು ಕರೆದು ಪೈಪು ಬಂದ್ ಮಾಡಿಸಿದರು. ಬೈಯಲು ತಯಾರಾಗಿ ಹೋಗಿದ್ದೆ, ಬೈಯಲಿಕ್ಕೂ ಬಿಡಲಿಲ್ಲ.

ಡಿಸೆಂಬರ್ 9, ಸೋಮವಾರ

ಎಲ್ಲ ಸತ್ತವು. ಟ್ಯಾಂಕ್ ಕಪ್ಪಾಗಿದೆ, ಮೇಲೆ ಬೂದು ಕೆನೆ. ಕೊಳೆತ ಮೊಟ್ಟೆಯ ನಾತ ನನ್ನ ಬಾಡಿಗೆ ಕೋಣೆಯವರೆಗೂ ಬರುತ್ತದೆ. ಕೂದಲಲ್ಲಿ ಕೂತಿದೆ. ಎರಡು ಸಲ ಶಾಂಪೂ ಹಾಕಿದೆ, ಬಸ್ಸಿನಲ್ಲಿ ಪಕ್ಕದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

ಒಂದೇ ದಾರಿ. ತಾಜಾ ಸಗಣಿ ಇಪ್ಪತ್ತು ಬುಟ್ಟಿ, ಕದಡಿ ಹಾಕಿದರೆ ಅದರಲ್ಲಿರುವ ಜೀವ ಹೆಚ್ಚಿಕೊಂಡು ಟ್ಯಾಂಕ್ ಮತ್ತೆ ಏಳುತ್ತದೆ. ಎಲ್ಲ ಪ್ಲಾಂಟಿನಲ್ಲೂ ಮಾಡುವುದೇ. ಕೆರಿಯಣ್ಣ ಹದಿನಾಲ್ಕು ಮನೆ ಸುತ್ತಿ ಖಾಲಿ ಬುಟ್ಟಿ ತಂದ. “ಎಂತಕ್ಕೆ ಅಂತ ಕೇಳ್ತಾರೆ. ಹೇಳಿದ ಕೂಡ್ಲೇ ಬಾಗ್ಲು ಹಾಕ್ತಾರೆ” ಅಂದ.

ಡಿಸೆಂಬರ್ 10, ಮಂಗಳವಾರ

ನಾನೇ ಹೋದೆ. ಹೆಗಡೆಯವರ ಮನೆಗೇ. ಕೊಟ್ಟಿಗೆ ತುಂಬ ದನ, ಹಿಂದೆ ಆಳೆತ್ತರದ ಗೊಬ್ಬರದ ಗುಂಡಿ. ತಪ್ಪು ಅವರದು, ಸಂಕೋಚಕ್ಕಾದರೂ ಕೊಡುತ್ತಾರೆ ಅಂದುಕೊಂಡೆ. ಹೆಗಡೆಯವರು ಇರಲಿಲ್ಲ. ಹೆಂಡತಿ ಸೀತಮ್ಮ ಬಂದರು. ಕೇಳಿದೆ.

“ಥೋ ಮಾರಾಯ್ತಿ! ಆಕಳ ಸಗಣಿ ಅದು. ದೇವರ ಒಳ ಸಾರ್ಸದು ಅದ್ರಲ್ಲಿ. ಒಯ್ದು ಹೇಲಗುಂಡಿಗೆ ಹಾಕ್ತ್ರನೆ? ಪಾಪ ಸುತ್ಗತ್ತು ಎಂಗಕ್ಕೆ!”

“ಅಮ್ಮಾ, ನಿಮ್ಮ ಮನೆ ಚೊಗರಿನಿಂದಲೇ ಹೀಗಾದದ್ದು.”

“ಅದು ಗೊತ್ತಾಗ್ದೇ ಆದದ್ದು ತಂಗಿ. ಇದು ಗೊತ್ತಿದ್ದೂ ಮಾಡದು.”

ಇವರ ಹೇಲು ನಾನು ನೋಡಬಹುದು, ಮೂಸಬಹುದು, ಬಾಟಲಿಯಲ್ಲಿ ತುಂಬಿ ಲೇಬಲ್ ಅಂಟಿಸಬಹುದು. ಇವರ ದನದ ಸಗಣಿ ಮಾತ್ರ ಮುಟ್ಟಬಾರದು. ವಾಪಸ್ ಬರುವಾಗ ಗೇಟನ್ನು ಜೋರಾಗಿ ಹಾಕಿದೆ. ಚಿಲಕ ಬಿದ್ದೇ ಹೋಯಿತು. ಬೀಳಲಿ.

ಡಿಸೆಂಬರ್ 12, ಗುರುವಾರ

ಚಂದ್ರಶೇಖರಪ್ಪನವರಿಗೆ ಮೊದಲ ಸಲ ಗಾಬರಿ. ಜನವರಿಯಲ್ಲಿ ಕಂಪನಿಯ ಕಾಂಟ್ರಾಕ್ಟ್ ಮುಂದುವರಿಯಬೇಕು, ಅದಕ್ಕೆ ಮೊದಲು ಇನ್‌ಸ್ಪೆಕ್ಷನ್. ಕಪ್ಪು ನೀರೆಲ್ಲ ಖಾಲಿ ಮಾಡಿ ಹೊಸದಾಗಿ ಶುರು ಮಾಡೋಣ ಅಂದರು. ಟ್ಯಾಂಕರ್ ಡ್ರೈವರ್ ಉಲ್ಲಾಸನೂ ಇದ್ದ. ಅರಬೈಲಿನವನು, ನಾಚಿಕೆ ಸ್ವಭಾವ, ಮಾತಾಡಿದರೆ ನೆಲ ನೋಡುತ್ತಾನೆ. ಚಹಾ ತರಿಸಿದರು. ಮಾತು ನನ್ನ ಊರಿಗೆ ತಿರುಗಿತು.

ನಾನೋ, ಊರು ಅಂದರೆ ಸಾಕು. ಹೊಳೆ ಸಮುದ್ರ ಸೇರುವ ಅಳಿವೆ, ಅವ್ವ ಮೊಣಕಾಲು ನೀರಲ್ಲಿ ನಿಂತು ಬೆಳಚು ಅನ್ನುವ ಚಿಪ್ಪುಮೀನು ತೆಗೆಯುವುದು, ಒಂದು ಚಿಪ್ಪಿನೊಳಗೆ ಎಷ್ಟು ಮಾಂಸ, ಹುಣ್ಣಿಮೆ ಅಮಾವಾಸ್ಯೆಯ ಇಳಿತ ಎಂಥ ಜೋರು — ಎಲ್ಲ ಹೇಳಿದೆ. “ದಂಡೆಯ ತನಕ ಲಾರಿ ಬರ್ತದೆ. ಬೆಳಿಗ್ಗೆ ನೀರಿಗೆ ಬಿದ್ದದ್ದು ಮಧ್ಯಾಹ್ನ ಸಮುದ್ರದಲ್ಲಿ” ಅಂದೆ. ಜಂಬ. ಘಟ್ಟದ ಮೇಲಿನವರಿಗೆ ಸಮುದ್ರದ ವಿಷಯ ಹೇಳುವಾಗ ನನಗೆ ಒಂದು ಜಂಬ ಬರುತ್ತದೆ.

“ಹೌದೇನ್ರೀ? ಚೊಲೋ ಊರು ಬಿಡ್ರಿ” ಅಂದರು ಚಂದ್ರಶೇಖರಪ್ಪ.

ಡಿಸೆಂಬರ್ 16, ಸೋಮವಾರ

ಮೂರು ಟ್ರಿಪ್ ಹೋಗಿದೆ. ಏರೇಷನ್ ಟ್ಯಾಂಕ್ ಮುಕ್ಕಾಲು ಖಾಲಿ, ಪಕ್ಕದ ಗಸಿ ಟ್ಯಾಂಕ್ ಮಾತ್ರ ಹಾಗೇ ಇದೆ. ಎಲ್ಲಿಗೆ ಒಯ್ದಿರಿ ಅಂತ ಚಂದ್ರಶೇಖರಪ್ಪನವರನ್ನು ಕೇಳಿದೆ. “ಅದನ್ನೆಲ್ಲಾ ತಲಿಗೆ ಹಚ್ಕೋಬ್ಯಾಡ್ರಿ” ಅಂದರು. ಹಚ್ಚಿಕೊಳ್ಳಲಿಲ್ಲ. ನಾತ ಕಡಿಮೆಯಾಗಿತ್ತು. ಹೊಟ್ಟೆ ತುಂಬ ಉಂಡೆ.

ಡಿಸೆಂಬರ್ 18, ಬುಧವಾರ

ಉಲ್ಲಾಸ ಟ್ಯಾಂಕರ್ ತೊಳೆಯುತ್ತಿದ್ದ. ಹಿಂದಿನ ಜೋಡಿ ಟೈರಿನ ಸಂದಿಯಿಂದ ಬೂದು ಕೆಸರು ಬಿತ್ತು. ಘಟ್ಟದ ಕೆಂಪು ಮಣ್ಣಲ್ಲ. ಕೆಸರಿನಲ್ಲಿ ಬೆಳಚಿನ ಚಿಪ್ಪು.

ಕೈಯಲ್ಲಿ ಹಿಡಿದು ಕೇಳಿದೆ. ಎಲ್ಲಿಯದು?

ನೆಲ ನೋಡಿದ. “ಎಂತ ಮೇಡಂ, ನೀವೇ ಹೇಳಿದ್ದಲ್ವಾ… ಲಾರಿ ದಂಡೆ ತನಕ ಹೋಗ್ತದೆ, ಮಧ್ಯಾಹ್ನದೊಳಗೆ ಸಮುದ್ರಕ್ಕೆ ಹೋಗ್ತದೆ ಅಂತ. ಸಾಹೇಬ್ರು ಅಲ್ಲಿಗೇ ಹೋಗು ಅಂದ್ರು. ಬೆಳಗಾಗ್ತಿದ್ದ ಹಾಗೆ ಬಿಟ್ಟು ಬಂದೆ.”

ಗೋಡೆ ಹಿಡಿದು ವಾಂತಿ ಮಾಡಿದೆ. ಮೂರು ವರ್ಷದಲ್ಲಿ ಒಂದು ದಿನವೂ ಇಲ್ಲಿ ವಾಂತಿ ಮಾಡಿದವಳಲ್ಲ. ಕೆರಿಯಣ್ಣ ನೀರು ತಂದುಕೊಟ್ಟ.

ಇಳಿತ ಒಯ್ದದ್ದನ್ನು ಭರತ ವಾಪಸ್ ತರುತ್ತದೆ. ಆರು ಗಂಟೆಯಲ್ಲಿ. ನಮ್ಮೂರಲ್ಲಿ ನಡೆಯಲು ಕಲಿತ ಮಗುವಿಗೂ ಗೊತ್ತು ಇದು. ಅವತ್ತು ಅರ್ಧ ಹೇಳಿ ಚಹಾ ಕುಡಿದೆ.

ಡಿಸೆಂಬರ್ 19, ಗುರುವಾರ

ಅವ್ವನಿಗೆ ಫೋನ್ ಮಾಡಿದೆ. ಹೇಳಬೇಕೆಂದೇ ಮಾಡಿದ್ದು. ಬಾಯಿಗೆ ಬಂದದ್ದು ಬೇರೆ — “ಥಂಡಿ ಜೋರಿದೆ, ನಿನ್ನ ಮೊಣಕಾಲು ನೋವು, ಒಂದು ತಿಂಗಳು ಹೊಳೆಗೆ ಇಳಿಯಬೇಡ.”

“ಎಂತಾಯ್ತೆ ನಿಂಗೆ? ಇಷ್ಟ್ ವರ್ಷ ಇಲ್ದೇ ಇದ್ದ ಮೊಣಕಾಲು ಈಗ ನೆನಪಾಯ್ತಾ?” ನಕ್ಕಳು. ಆದರೆ ಒಪ್ಪಿದಳು. ಖುಷಿಯಾಗಿದ್ದಳು, ಮಗಳಿಗೆ ಕಾಳಜಿ ಅಂತ.

ನನ್ನ ಅವ್ವನನ್ನು ಮಾತ್ರ ಉಳಿಸಿಕೊಂಡೆ. ಉಳಿದ ಮೂವತ್ತು ಮನೆ? ಛೀ, ಎಂಥ ಹೊಲಸು ಬುದ್ಧಿ. ನಾಳೆ ಹೇಳುತ್ತೇನೆ.

ಡಿಸೆಂಬರ್ 21, ಶನಿವಾರ

ಹೇಳಿಲ್ಲ.

ಕಿರಾಣಿ ಅಂಗಡಿಯಲ್ಲಿ ಸೀತಮ್ಮ ಸಿಕ್ಕಿದರು. ತಾವಾಗಿಯೇ ಹತ್ತಿರ ಬಂದರು. ಚಿಲಕದ ವಿಷಯ ತೆಗೆಯಬಹುದು ಎಂದುಕೊಂಡೆ. ತೆಗೆಯಲಿಲ್ಲ.

“ತಂಗಿ, ಅವತ್ತು ಬೇಜಾರಾತನೆ? ಆಮೇಲೆ ಯೋಚ್ನೆ ಮಾಡ್ದಿ. ಎಮ್ಮೆ ಸಗಣಿ ಆಗ್ತಿಲ್ಯ? ಎರಡು ಎಮ್ಮೆ ಇದ್ದು ಎಂಗಳಲ್ಲಿ. ಅದ್ಕೆ ಎಂತ ದೋಷ ಇಲ್ಲೆ. ಆಚೆಮನೆದೂ ಕೊಡ್ಸ್ತೆ.”

ನಿಂತಲ್ಲೇ ನಿಂತೆ. ಎಮ್ಮೆ. ಸಗಣಿ ಯಾವುದಾದರೇನು, ಟ್ಯಾಂಕಿಗೆ ಎಲ್ಲ ಒಂದೇ. ಕೆರಿಯಣ್ಣನೂ ಕೇಳಲಿಲ್ಲ, ನಾನೂ ಕೇಳಲಿಲ್ಲ, ಹದಿನಾಲ್ಕು ಮನೆಯವರೂ ಹೇಳಲಿಲ್ಲ. ಹತ್ತನೇ ತಾರೀಕು ಆ ಒಂದು ಮಾತು ಆಡಿದ್ದರೆ ಟ್ಯಾಂಕರ್ ಗೇಟು ದಾಟುತ್ತಲೇ ಇರಲಿಲ್ಲ. ಅಂಗಡಿಯಲ್ಲಿ ನಗು ಬಂತು, ಕೆಟ್ಟ ನಗು. ಸೀತಮ್ಮ ಹೆದರಿದರು.

ಡಿಸೆಂಬರ್ 28, ಶನಿವಾರ

ಎಮ್ಮೆ ಸಗಣಿ ಹಿಡಿಯಿತು. ಸಿಲಿಂಡರಿನಲ್ಲಿ ಗಸಿ ಕೂರುತ್ತಿದೆ, ಮೇಲೆ ನಾಲ್ಕು ಬೆರಳು ತಿಳಿನೀರು. ಹುಳ ಬಂದಿವೆ. ಚಂದ್ರಶೇಖರಪ್ಪ ಪೇಡೆ ಹಂಚಿದರು. ಬಾಯಲ್ಲಿಟ್ಟುಕೊಂಡೆ, ಕರ್ಚೀಫಿಗೆ ಉಗುಳಿದೆ.

ಆಮೇಲೆ ಅಂದರು, “ಆ ಇನ್ನೊಂದು ಟ್ಯಾಂಕಿನ್ಯಾಗ ಎರಡು ಟ್ರಿಪ್ಪಿನಷ್ಟು ಕರಿ ನೀರು ಉಳದೈತಿ. ಸೋಮವಾರ ಅಮಾಸಿ ಐತಲ್ರೀ, ಇಳಿತ ಜೋರ ಇರ್ತೈತಿ ಅಂದಿದ್ರಿ. ಮುಗಿಸಿಬಿಡೂಣು.”

“ಸರ್, ಅಲ್ಲಿ ಬೆಳಚು ತೆಗೀತಾರೆ. ನನ್ನ ಅವ್ವ ತೆಗೀತಾಳೆ.”

“ಸಮುದ್ರ ಎಷ್ಟ ದೊಡ್ಡದೈತಿ, ನಮ್ದು ಎಷ್ಟೈತಿ? ಎಲ್ಲಾರ ಹೊಟ್ಟಿ ಮ್ಯಾಲ ಹೊಡಿಬ್ಯಾಡ್ರಿ. ಕಾಂಟ್ರಾಕ್ಟ್ ಹೋತಂದ್ರ ಕೆರಿಯಾನೂ ಮನಿಗೆ, ನೀವೂ ಮನಿಗೆ.”

ಬೇಡ ಸರ್ ಅಂದೆ. ಎರಡು ಸಲ ಅಂದೆ. ಮೂರನೇ ಸಲ ಅನ್ನಲಿಲ್ಲ. ಗೇಟಿಗೆ ಅಡ್ಡ ಮಲಗಬಹುದಿತ್ತು. ಉಲ್ಲಾಸನ ಕೈಯಿಂದ ಕೀಲಿ ಕಿತ್ತುಕೊಳ್ಳಬಹುದಿತ್ತು, ಅವನು ಕೊಟ್ಟೇ ಬಿಡುತ್ತಿದ್ದ. ಒಂದು ಫೋನ್ ಮಾಡಬಹುದಿತ್ತು. ಲ್ಯಾಬಿಗೆ ಹೋಗಿ ಬಾಟಲಿ ತೊಳೆದೆ. ತೊಳೆದ ಬಾಟಲಿಗಳನ್ನೇ ಮತ್ತೆ ತೊಳೆದೆ.

ಜನವರಿ 1, ಬುಧವಾರ. ಬೆಳಿಗ್ಗೆ

ಅವ್ವನ ಫೋನ್. ಹೊಸ ವರ್ಷದ್ದಲ್ಲ, ಅವಳಿಗೆ ಅದೆಲ್ಲ ಇಲ್ಲ. ದನಿಯಲ್ಲಿ ಸಂಭ್ರಮ.

“ಅಮಾಸೆ ಇಳಿತಕ್ಕೆ ಎಲ್ಲಾ ಹೆಂಗಸ್ರೂ ದಂಡೆ ಮೇಲೆ ನಿಂತ್ಕಂಡಿದ್ರು, ನೀರಿಗೆ ಇಳೀಲಿಲ್ಲ. ಎಂತದೋ ಹೊಲಸು ವಾಸ್ನೆ ಬತ್ತದೆ, ಬೇಡ ಅಂತ. ಆಚೆಮನೆ ಗಿರಿಜವ್ವ ಬುಟ್ಟಿ ತಕಂಡು ವಾಪಸ್ ಹೊರಟಿತ್ತು. ನಾನೇ ಹೇಳ್ದೆ. ನನ್ನ ಮಗ್ಳು ನೀರು ಪರೀಕ್ಷೆ ಮಾಡೋಳು, ಮೊನ್ನೆ ಫೋನ್ ಮಾಡಿತ್ತು, ಹೊಳೆ ವಿಷ್ಯನೇ ಮಾತಾಡಿತ್ತು. ನೀರು ಹಾಳಾಗಿದ್ರೆ ಮೊದ್ಲು ಅದೇ ಹೇಳ್ತಿತ್ತು, ಮೊಣಕಾಲು ಅಷ್ಟೇ ಹೇಳಿದ್ದು ಅಂದೆ. ಆಮೇಲೆ ಎಲ್ಲಾ ಇಳಿದ್ರು. ಬುಟ್ಟಿಗಟ್ಲೆ ಸಿಕ್ತು ಮಗಾ.”

ನೀನು?

“ನಾ ಇಳೀಲಿಲ್ಲ. ನೀ ಬೇಡ ಅಂದಿದ್ದೆಯಲ್ಲ. ಗಿರಿಜವ್ವ ಒಂದು ಪಾತ್ರೆ ಕೊಟ್ಟಿದೆ, ತಿಂದಿಲ್ಲ ಇನ್ನೂ, ಇವತ್ತು ಬುಧವಾರ, ನಂಗೆ ಒಪ್ಪತ್ತು ಅಲ್ದ, ನಾಳೆ ಮಾಡ್ತೆ.”

ತಿನ್ನಬೇಡ ಅಂದೆ. ಚೆಲ್ಲು ಅಂದೆ. ಯಾಕೆ ಅಂದಳು. ಆಗಲಾದರೂ ಹೇಳಬಹುದಿತ್ತಲ್ಲ, ಮೂಳಿ. “ಎರಡು ದಿನದ್ದು ಹಳಸಿರ್ತದೆ” ಅಂದೆ.

ಜನವರಿ 3, ಶುಕ್ರವಾರ

ಗಿರಿಜವ್ವನ ಮೊಮ್ಮಗಳು ಆಸ್ಪತ್ರೆಯಲ್ಲಿ. ನಾಲ್ಕು ವರ್ಷದ್ದು. ವಾಂತಿ, ಭೇದಿ, ಡ್ರಿಪ್ ಹಾಕಿದ್ದಾರೆ. ಕೇರಿಯಲ್ಲಿ ಇನ್ನೂ ಒಂಬತ್ತು ಜನ ಮಲಗಿದ್ದಾರೆ. ಅರ್ಧ ಜನ ಬೆಳಚಿನಿಂದ ಅನ್ನುತ್ತಾರಂತೆ, ಇನ್ನರ್ಧ ಜನ ದೇವರ ಮುನಿಸು ಅನ್ನುತ್ತಾರಂತೆ. ಗಿರಿಜವ್ವ ಅವ್ವನ ಮುಖ ನೋಡುತ್ತಿಲ್ಲ.

“ನೀ ಬಾ ಮಗಾ. ನಿನ್ನ ಸಾಮಾನು ತಕಂಡು ಬಾ. ಎಲ್ಲರ ಎದುರು ನೀರು ನೋಡಿ ಹೇಳ್ಬಿಡು. ನನ್ನ ಮಾತಿಗೆ ಇಳಿದವ್ರು ಅವ್ರು” ಅಂದಳು ಅವ್ವ ಫೋನಿನಲ್ಲಿ. ಅಳುತ್ತಿದ್ದಳು. ಅಪ್ಪ ಸತ್ತಾಗ ಬಿಟ್ಟರೆ ಅವಳ ಅಳು ಕೇಳಿದ್ದು ಇವತ್ತೇ.

ಚಂದ್ರಶೇಖರಪ್ಪನವರಲ್ಲಿ ರಜೆ ಕೇಳಿದೆ. ಯಾಕೆಂದು ಹೇಳಿದೆ. “ಹೋಗಿ ಬರ್ರಿ. ನೀರು ಚೊಲೋ ಐತಿ ಅಂತ ಹೇಳಿಬಿಡ್ರಿ. ನೀವು ಹೇಳಿದ್ರ ನಂಬ್ತಾರ” ಅಂದರು. ಅವರಿಗೂ ಚಿಕ್ಕ ಮಕ್ಕಳಿದ್ದಾರೆ. ಅಯ್ಯೋ ಪಾಪ ಅನ್ನಿಸಲಿಲ್ಲ. ನನ್ನ ಬಗ್ಗೆ ಎಷ್ಟು ಹೇಸಿಗೆಯೋ ಅವರ ಬಗ್ಗೆಯೂ ಅಷ್ಟೇ.

ಜನವರಿ 5, ಭಾನುವಾರ. ಬೆಳಿಗ್ಗೆ 10.20, ಊರು

ನಿನ್ನೆ ಸಂಜೆ ಬಂದೆ. ಘಟ್ಟ ಇಳಿಯುವಾಗ ಹೇಗೆ ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡೆ. ಬಸ್ಸಿಳಿದಾಗ ಅವ್ವ ನಿಂತಿದ್ದಳು, ಬ್ಯಾಗು ಕಿತ್ತುಕೊಂಡಳು. “ಸಾಮಾನು ಇದರಲ್ಲೇ ಇದೆಯಾ?” ಅಂತ ಎದೆಗೆ ಅವಚಿಕೊಂಡು ನಡೆದಳು. ಹೇಳಲಿಲ್ಲ.

ಬೆಳಿಗ್ಗೆ ಒಬ್ಬಳೇ ದಂಡೆಗೆ ಹೋದೆ. ಲಾರಿಯ ಚಕ್ರದ ಗುರುತು ಇನ್ನೂ ಇದೆ. ಕೆಸರಿನ ಮೇಲೆ ಕಪ್ಪು ಪದರ, ಕಾಲಿಟ್ಟರೆ ಬುಳುಬುಳು. ಅದೇ ನಾತ, ನನ್ನ ಕೂದಲಿನ ನಾತ. ಬಾಯಿ ತೆರೆದು ಸತ್ತ ಬೆಳಚು ಕಾಲಡಿ ತುಂಬ. ಬಾಟಲಿ ತುಂಬಬೇಕಾದ ಅಗತ್ಯವೇ ಇಲ್ಲ. ಆದರೂ ತುಂಬಿದೆ.

ವಾಪಸ್ ಬಂದರೆ ಅಂಗಳ ತುಂಬ ಜನ. ಗಿರಿಜವ್ವನೂ ಬಂದಿದ್ದಾಳೆ, ಆಸ್ಪತ್ರೆಯಿಂದ ಸೀದಾ, ಸೀರೆ ಬದಲಿಸದೆ. ಮಗು ಇವತ್ತು ಕಣ್ಣು ಬಿಟ್ಟಿತಂತೆ. ನನ್ನ ಕೈ ಹಿಡಿದು, “ನೀ ಎಂತ ಹೇಳ್ತಿಯೋ ಅದೇ. ಬೇರೆಯವ್ರ ಮಾತು ಬೇಡ” ಅಂದಳು. ಕೈ ಒರಟು, ಬಿಸಿ. ಬಿಡಿಸಿಕೊಂಡು ಒಳಗೆ ಬಂದೆ. ಐದು ನಿಮಿಷ, ಬರೆದುಕೊಂಡು ಬರುತ್ತೇನೆ ಅಂದೆ. ರಿಪೋರ್ಟ್ ಅಂದುಕೊಂಡರು. ಇದನ್ನು ಬರೆಯುತ್ತಿದ್ದೇನೆ.

ಹೊರಗೆ ಯಾರೋ ಗಂಡಸರು ಜೋರು ಮಾಡುತ್ತಿದ್ದಾರೆ. ಅವ್ವ ಉತ್ತರ ಕೊಡುತ್ತಿದ್ದಾಳೆ. “ನನ್ನ ಮಗ್ಳು ಗೊತ್ತಿದ್ದೂ ಸುಮ್ನಿರೋ ಜಾತಿ ಅಲ್ಲ. ನೀರು ಹಾಳಾಗಿದ್ರೆ ನಾ ಈಗ ತಿಂತಿದ್ನಾ? ನೋಡ್ಕಳಿ.”

ಬೆಳಿಗ್ಗೆ ನಾನು ಹೊರಟಾಗ ಅವಳು ಮನೆಯಲ್ಲಿರಲಿಲ್ಲ. ಹೊಳೆಯ ಆಚೆ ದಂಡೆಯಿಂದ ತಾನೇ ಬೆಳಚು ತಂದಿದ್ದಾಳೆ. ಒಲೆಯ ಮೇಲಿದ್ದ ಪಾತ್ರೆ ಕಾಣುತ್ತಿಲ್ಲ. ಎಲ್ಲರ ಎದುರು ತಿಂದು ತೋರಿಸುತ್ತಿದ್ದಾಳೆ. ನಾನು ಇಲ್ಲಿ ಗೋಡೆಗೆ ಒರಗಿ ಅಕ್ಷರ ಕೂಡಿಸುತ್ತಿದ್ದೇನೆ, ಎಂಥ ಹೆಣ್ಣು ನಾನು, ಏಳಬೇಕು, ಮೊದಲು ಅವಳ ಕೈಯಿಂದ ಆ ತಟ್ಟೆ